ಮೌನವ್ರತವೂ ಸಂಘಧರ್ಮವೂ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನವೊಂದುಂಟು. ಚಕ್ರವರ್ತಿಯು ಅದರಲ್ಲಿ ತನ್ನ ಕುಂದನ್ನು ತಾನೇ ಒಪ್ಪಿಕೊಂಡಿರುವನು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಗಿದ್ದರೂ ಒಂದು ವರ್ಷಕಾಲ ಹೆಚ್ಚಿನ ಪ್ರಯತ್ನವನ್ನೇನೂ ಮಾಡಲಿಲ್ಲವೆಂದೂ, ಸಂಘದ ಬಳಿಸಾರಿದ ಮೇಲೆ, ವರ್ಷಕ್ಕೂ ಮಿಕ್ಕಿ, ಚೆನ್ನಾಗಿ ಯತ್ನಿಸುತ್ತಿರುವೆನೆಂದೂ ಅವನು ಹೇಳುತ್ತಾನೆ. ಅಷ್ಟು ದೊಡ್ಡ ದೊರೆಗೂ ಒಂಟಿಯಾಗಿ ಸಾಧಿಸದುದು ಸಹವಾಸದಿಂದ ಸಾಧಿಸಿತು.

ಆದರೆ ನಾಲ್ವರು ಒಂದೆಡೆ ಸೇರಿದಲ್ಲಿ ಮನಸ್ತಾಪವೂ ಜೊತೆಗೇ ಬರುವುದೆಂಬುದನ್ನು ಗೃಹಸ್ಥರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಭಿಕ್ಷುಗಳಿಗೂ ಈ ಅಂಜಿಕೆ ಇದ್ದಿತು. ವಿನಯಪಿಟಕದ ಮಹಾವಗ್ಗದಲ್ಲಿ ಇದಕ್ಕೆ ಸಂಬಂಧಿಸಿದ ಪ್ರಸಂಗವೊಂದು ಬರುತ್ತದೆ. ಕೋಸಲದೇಶದಲ್ಲಿ ಕೆಲವರು ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಟ್ಟಿಗೆ ವಾಸಿಸಬೇಕಾಗಿ ಬಂದಾಗ, ಕಲಹಕ್ಕೆ ಎಡೆಯೇ ಇರಬಾರದೆಂದು, ಒಬ್ಬರೊಡನೊಬ್ಬರು ಮಾತನ್ನೇ ಆಡಕೂಡದೆಂಬ ಕಟ್ಟು ಮಾಡಿಕೊಂಡರು. ಭಿಕ್ಷೆಯಿಂದ ಮೊದಲು ಹಿಂದಿರುಗಿದವನು ಆಸನಗಳನ್ನು ಹಾಸಿ ಕಾಲಿಗೆ ನೀರಿಡುವನು. ಕಡೆಗೆ ಬಂದವನು ಎಲ್ಲವನ್ನೂ ತೆಗೆದಿಟ್ಟು ನೆಲ ಗುಡಿಸುವನು. ಬರಿದಾದ ಕೊಡವನ್ನು ಕಂಡವನು ತುಂಬಿಡುವನು, ಒಬ್ಬನಿಂದಾಗದಿದ್ದರೆ ಕೈಸನ್ನೆಯಿಂದಲೇ ಮತ್ತೊಬ್ಬನನ್ನು ಕರೆಯುವನು. ಹೀಗೆ ಮಳೆಗಾಲವು ಜಗಳವಿಲ್ಲದೆ ಕಳೆಯಿತು.

ಅವರು ಸಂತೋಷದಿಂದ ಹೋಗಿ ಬಿನ್ನವಿಸಲು ಬುದ್ಧನು ಮೆಚ್ಚಲಿಲ್ಲ. ಕುರಿಗಳ ಹಾಗೆ ಒಟ್ಟಿಗಿದ್ದಿರೆಂದು ಗದರಿಸಿ, ಅಂಥ ಮೂಕವ್ರತವನ್ನು ನಿಷೇಧಿಸಿದನು. ಸೋಜಿಗವೇನೆಂದರೆ, ನೀರು ತುಂಬುವುದು, ಗುಡಿಸುವುದು ಮೊದಲಾದ ಇದೇ ಏರ್ಪಾಟನ್ನು ಅನುರುದ್ಧ, ನಂದಿಯ, ಕಿಂಬಿಲರೆಂಬ ಮೂವರಲ್ಲಿ ಕಂಡು ಅವನು ಕೊಂಡಾಡಿದ್ದುಂಟು. ಅವರಾದರೋ ಹಾಲೂ ನೀರೂ ಬೆರೆತಂತೆ ಇದ್ದು, ಐದು ದಿನಕ್ಕೊಮ್ಮೆ ಇರುಳೆಲ್ಲ ಕುಳಿತು ಧರ್ಮವಿಚಾರ ಮಾಡುತ್ತಿದ್ದರು.

ಮೂಕವ್ರತಕ್ಕೆ ಪ್ರತಿಯಾಗಿ ಬುದ್ಧನು ವಿಧಿಸಿದ್ದು ಪವಾರಣೆ. ಮಳೆಗಾಲದ ವಾಸವು ಮುಗಿಯುವ ದಿನ ಪ್ರತಿಯೊಬ್ಬ ಭಿಕ್ಷುವೂ ಕುಕ್ಕರುಗಾಲಿನಲ್ಲಿ ಕುಳಿತು, ಕೈಮುಗಿದು, ತನ್ನಲ್ಲಿ ಕಂಡ, ಕೇಳಿದ ಇಲ್ಲವೆ ಶಂಕಿಸಿದ ದೋಷವೇನಾದರೂ ಇದ್ದರೆ ಕರುಣೆಯಿಟ್ಟು ಹೇಳಬೇಕೆಂದು ಸಂಘವನ್ನು ಮೂರು ಸಲ ಬೇಡಿಕೊಳ್ಳತಕ್ಕದ್ದು. ಎಲ್ಲರಿಗಿಂತ ಹಿರಿಯನೇ ಮೊದಲು ಬೇಡಬೇಕು. ನಮ್ಮ ಮನೆಗಳಲ್ಲಿ ಈ ಕ್ರಮವು ಎಷ್ಟು ಅಪರೂಪ! ಅತ್ತೆಯು ಸೊಸೆಯನ್ನು ಕರೆದು, ನನ್ನಲ್ಲಿ ಏನು ತಪ್ಪು ಕಂಡೆಯಮ್ಮಾ, ಎಂದು ಕೇಳಿದುದನ್ನು ಈ ಲೇಖಕನಂತೂ ಕಂಡಿಲ್ಲ. ತಾನಾಗಿ ಮಗನನ್ನು ಕೇಳಿದುದೂ ಇಲ್ಲ.

ಎಲ್ಲರ ಸರದಿಯೂ ತೀರುವವರೆಗೆ ಯಾರೂ ಏಳಕೂಡದೆಂಬ ನಿಯಮವು ಮೊದಲು ಇದ್ದಿತು. ಹಾಗೆ ಕಾದು ಕುಳಿತಿದ್ದ ವೃದ್ಧನೊಬ್ಬನು ಮೂರ್ಛೆಹೋಗಿ ಬಿದ್ದುದರಿಂದ, ತನ್ನ ಬೇಡಿಕೆಯಾದೊಡನೆ ಆಸನದಲ್ಲಿ ಕುಳಿತುಕೊಳ್ಳಬಹುದೆಂದು ಬುದ್ಧನು ಸಡಿಲಿಸಿದನು. ಥೇರವಾದದ ನಾಡುಗಳಾದ ಸಿಂಹಳ, ಬರ್ಮ, ಥಾಯ್ ದೇಶಗಳಲ್ಲಿ ಭಿಕ್ಷುಗಳು ಇಂದಿಗೂ ಪವಾರಣೆಯನ್ನು ನಡೆಸುವರು.

ಸ್ವತಃ ಬುದ್ಧನೂ ಇದಕ್ಕೆ ಹೊರತಾಗಿರಲಿಲ್ಲ. ಶ್ರಾವಸ್ತಿಯ ಪೂರ್ವಾರಾಮದಲ್ಲಿ ಐನೂರು ಮಂದಿ ಭಿಕ್ಷುಗಳ ನಡುವೆ, ತನ್ನ ನಡೆನುಡಿಗಳಲ್ಲಿ ಆಕ್ಷೇಪಿಸತಕ್ಕದ್ದೇನಾದರೂ ಉಂಟೇ ಎಂದು ಅವನು ಕೇಳಿದನೆಂದು ಸಂಯುತ್ತನಿಕಾಯವು ತಿಳಿಸುತ್ತದೆ. ಸಾರಿಪುತ್ತನು ಎದ್ದು, ಏನೂ ಇಲ್ಲವೆಂದು ಬಿನ್ನವಿಸಿ, ತನ್ನ ವಿಷಯದಲ್ಲಿ ಏನಾದರೂ ಉಂಟೇ ಎಂದು ಬುದ್ಧನನ್ನು ಕೇಳಿದನು.