ತೊಟ್ಟಿಯ ಬಾಯಲ್ಲಿ ನಿಲ್ಲುವ ಅಧಿಕಾರಿ

ಕಬ್ಬು ನುರಿಸುವ ಹಂಗಾಮು ಮುಗಿದರೆ ಸಕ್ಕರೆ ಕಾರ್ಖಾನೆಯ ಚಿಮಣಿ ಆರುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ಇಂಡಿ ತಾಲ್ಲೂಕಿನ ಮರಗೂರು, ಸಿಂದಗಿ ಭಾಗದ ಮಲಘಾಣ, ಮುದ್ದೇಬಿಹಾಳ ತಾಲ್ಲೂಕಿನ ಯರಗಲ್ಲ ಹೀಗೆ ವಿಜಯಪುರ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ ಇರುವ ಊರುಗಳು ಹಲವು. ಯಾವ ಕಾರ್ಖಾನೆಯಲ್ಲೇ ಆಗಲಿ, ಬೇಸಿಗೆ ಎಂದರೆ ದುರಸ್ತಿಯ ಕಾಲ. ಬಾಯ್ಲರ್ ಬಿಚ್ಚುತ್ತಾರೆ, ಪೈಪು ಬದಲಿಸುತ್ತಾರೆ, ಕಾಕಂಬಿಯ ತೊಟ್ಟಿ ತೊಳೆಯುತ್ತಾರೆ.

ಅಪಾಯ ಹೆಚ್ಚಿರುವುದು ಈ ಕೊನೆಯ ಕೆಲಸದಲ್ಲಿ. ತಳದಲ್ಲಿ ಉಳಿದ ಕಾಕಂಬಿ ಹುಳಿತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರವಾದ ಅದು ಒಳಗಿನ ಆಮ್ಲಜನಕವನ್ನು ಹೊರಗೆ ತಳ್ಳಿ ಅಲ್ಲೇ ಕೂರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಓಡಿ ಇಳಿದವನೂ ಕುಸಿಯುತ್ತಾನೆ.

ಇದನ್ನು ತಡೆಯುವ ದಾರಿಯನ್ನು 1948ರ ಕಾರ್ಖಾನೆ ಕಾಯ್ದೆಯ 36 ಮತ್ತು 36-ಎ ಕಲಮುಗಳು ಬಿಡಿಬಿಡಿಯಾಗಿ ಬರೆದಿಟ್ಟಿದ್ದವು. ತಜ್ಞನೊಬ್ಬ ಒಳಗಿನ ಗಾಳಿಯನ್ನು ತಾನೇ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡಬೇಕು. ಅದಿಲ್ಲದಿದ್ದರೆ ಇಳಿಯುವವನ ಮುಖಕ್ಕೆ ಉಸಿರಾಟದ ಉಪಕರಣ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ ಇರಬೇಕು. ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಒಳಗೆ ಒಯ್ಯುವ ದೀಪ 24 ವೋಲ್ಟ್ ಮೀರಬಾರದು.

ಇವೆಲ್ಲ ಆಗಿವೆಯೇ ಎಂದು ನೋಡಿ, ಆಗದಿದ್ದರೆ ‘ಇವತ್ತು ಯಾರೂ ಇಳಿಯಬೇಡಿ’ ಎನ್ನಬೇಕಾದವನು ಸೇಫ್ಟಿ ಆಫೀಸರ್. ಉತ್ಪಾದನೆ ವಿಭಾಗಕ್ಕೆ ಅವಸರ, ಗುತ್ತಿಗೆದಾರನಿಗೆ ದಿನಗೂಲಿಯ ಲೆಕ್ಕ. ಅವರಿಬ್ಬರ ನಡುವೆ ಕೆಲಸ ನಿಲ್ಲಿಸುವ ಮಾತಿಗೆ ತೂಕ ಬರಬೇಕಾದರೆ ಆಡುವವನಿಗೆ ಸ್ಥಾನ ಬೇಕು. ಕಾಯ್ದೆಯಡಿಯ ಮಾದರಿ ನಿಯಮಗಳು ಅದನ್ನು ಮೊದಲೇ ಊಹಿಸಿದ್ದವು. ಸುರಕ್ಷತಾ ಅಧಿಕಾರಿಗೆ ಹಿರಿಯ ಅಧಿಕಾರಿಯ ದರ್ಜೆ ಕೊಡಬೇಕು, ಅವನು ನೇರವಾಗಿ ಕಾರ್ಖಾನೆಯ ಮುಖ್ಯಸ್ಥನ ಕೈಕೆಳಗೇ ಇರಬೇಕು, ಸುರಕ್ಷತೆಗೆ ಸಂಬಂಧವಿಲ್ಲದ ಕೆಲಸಕ್ಕೆ ಅವನನ್ನು ಹಚ್ಚಬಾರದು.

ಈ ಹುದ್ದೆಗೆ ಏರುವ ಮೆಟ್ಟಿಲುಗಳು ಹಳ್ಳಿಯ ಡಿಪ್ಲೊಮಾ ಹುಡುಗನಿಗೂ ಎಟಕುವಂಥವೇ. ಎಂಜಿನಿಯರಿಂಗ್ ಪದವಿ ಇದ್ದರೆ 2 ವರ್ಷ, ಡಿಪ್ಲೊಮಾ ಇದ್ದರೆ 5 ವರ್ಷ ಕಾರ್ಖಾನೆಯಲ್ಲಿ ಮೇಲ್ವಿಚಾರಣೆಯ ಅನುಭವ. ಅದರ ಮೇಲೆ ಕೈಗಾರಿಕಾ ಸುರಕ್ಷತೆಯಲ್ಲಿ ಡಿಪ್ಲೊಮಾ. ಮುಂಬೈಯ ಕೇಂದ್ರ ಕಾರ್ಮಿಕ ಸಂಸ್ಥೆ ಈ ವಿದ್ಯೆಗೆ ಹೆಸರಾದ ಜಾಗ.

ನಿಯಮದಲ್ಲಿ ಇನ್ನೊಂದು ಅರ್ಹತೆಯಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಆ ಭಾಗದ ಬಹುಪಾಲು ಕಾರ್ಮಿಕರು ಆಡುವ ಭಾಷೆ ಅಧಿಕಾರಿಗೆ ಚೆನ್ನಾಗಿ ಬರಬೇಕು. ಬೆಳಗಿನ ಪಾಳಿಯ ಮೊದಲು ನಡೆಯುವ ಐದು ನಿಮಿಷದ ‘ಟೂಲ್‌ಬಾಕ್ಸ್ ಟಾಕ್’ನಲ್ಲಿ ಇಂಗ್ಲಿಷ್ ಸ್ಲೈಡು ನಡೆಯುವುದಿಲ್ಲ, ‘ಹಗ್ಗ ಬಿಟ್ಟು ಚಹಾಕ್ಕ ಹೋಗಬ್ಯಾಡ್ರಿ’ ಎಂದರೆ ನಾಟುತ್ತದೆ. ಈಗ ಅದೂ ಸಾಲದು. 2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ ಕುಸಿದು ಸತ್ತ ಏಳು ಮಂದಿಯೂ ಬಿಹಾರದವರು. ಇಂಥ ಕಡೆ ಎಚ್ಚರಿಕೆಯ ಮಾತು ಹಿಂದಿಯಲ್ಲೂ ಬರಬೇಕು.

ಇನ್ನು ಮೇಲಿನ ಮೆಟ್ಟಿಲು. ಬ್ರಿಟನ್ನಿನಲ್ಲಿ 1945ರಲ್ಲಿ ಹುಟ್ಟಿದ ಐಒಎಸ್‌ಎಚ್ ಎಂಬ ವೃತ್ತಿಸಂಸ್ಥೆ ‘ಚಾರ್ಟರ್ಡ್ ಸದಸ್ಯ’, ಅದಕ್ಕೂ ಮೇಲೆ ‘ಚಾರ್ಟರ್ಡ್ ಫೆಲೊ’ ಎಂಬ ದರ್ಜೆಗಳನ್ನು ಕೊಡುತ್ತದೆ. ಕೊಲ್ಲಿ ದೇಶಗಳ ತೈಲ ಮತ್ತು ಕಟ್ಟಡ ಕಂಪನಿಗಳಲ್ಲಿ ಈ ದರ್ಜೆಗಳಿಗೆ ಬೆಲೆ ಹೆಚ್ಚು. ಬರೀ ಪರೀಕ್ಷೆ ಪಾಸಾದರೆ ಇವು ಸಿಗುವುದಿಲ್ಲ. ಕೆಲಸದಲ್ಲಿ ತಾನು ಏನು ನಿರ್ಧರಿಸಿದೆ, ಅದರಿಂದ ಏನು ಬದಲಾಯಿತು ಎಂಬುದಕ್ಕೆ ಪುರಾವೆ ಒಪ್ಪಿಸಬೇಕು, ಹಿರಿಯ ಸಹವೃತ್ತಿಗಳ ಸಂದರ್ಶನ ಎದುರಿಸಬೇಕು. ದರ್ಜೆ ಸಿಕ್ಕ ಮೇಲೂ ಕಲಿಕೆಯ ದಾಖಲೆ ಇಡುತ್ತಲೇ ಇರಬೇಕು.

ಪುರಾವೆ ಕೂಡಿಸಲು ಸಮುದ್ರ ದಾಟಬೇಕಾಗಿಲ್ಲ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳ ಎನ್‌ಟಿಪಿಸಿ ಸ್ಥಾವರವಿದೆ. ಕಲ್ಲಿದ್ದಲ ಧೂಳು, ಬೂದಿ, ಅಧಿಕ ಒತ್ತಡದ ಉಗಿ, ಎತ್ತರದ ಕೆಲಸ ಎಲ್ಲವೂ ಒಂದೇ ಕಾಂಪೌಂಡಿನಲ್ಲಿ ಸಿಗುವ ಜಾಗ ಅದು. ಪಕ್ಕದ ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುದಾಗಾರವಿದೆ.

ಅಪಘಾತ ಆಗದ ದಿನಕ್ಕೆ ಸುದ್ದಿಬೆಲೆ ಇಲ್ಲದ್ದರಿಂದ ಈ ವೃತ್ತಿಯವರ ಹೆಸರು ಪತ್ರಿಕೆಯಲ್ಲಿ ಬರುವುದು ಕಡಿಮೆ. ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದ 1966ರ ಮಾರ್ಚ್ 4ರ ನೆನಪಿಗೆ ಪ್ರತಿವರ್ಷ ಸುರಕ್ಷತಾ ದಿನ ಆಚರಿಸುತ್ತಾರೆ. ಬಹುಮಾನ, ಪ್ರತಿಜ್ಞೆ, ಘೋಷಣೆಯ ಫಲಕ ಅವತ್ತು ಕಾಣುತ್ತವೆ. ‘ನಿಯರ್ ಮಿಸ್’ ಎನ್ನುವ, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ವರ್ಷವಿಡೀ ಬರೆದಿಟ್ಟ ರಿಜಿಸ್ಟರು ಕಚೇರಿಯ ಕಪಾಟಿನಲ್ಲೇ ಇರುತ್ತದೆ. ಅನುಭವಿ ಆಡಿಟರು ಮೊದಲು ಕೇಳುವುದು ಅದನ್ನೇ. ಅದು ಖಾಲಿಯಿದ್ದರೆ ಅಪಾಯವೇ ಇಲ್ಲವೆಂದು ಅವರು ತಿಳಿಯುವುದಿಲ್ಲ, ಹೇಳಲು ಕಾರ್ಮಿಕರು ಹೆದರುತ್ತಿದ್ದಾರೆ ಎಂದು ಅನುಮಾನಿಸುತ್ತಾರೆ.

ಹಳೆಯ ಕಾಯ್ದೆಯಲ್ಲಿ ಸಾಮಾನ್ಯವಾಗಿ 1000 ಕಾರ್ಮಿಕರಿದ್ದರೆ ಮಾತ್ರ ಸುರಕ್ಷತಾ ಅಧಿಕಾರಿ ಕಡ್ಡಾಯವಾಗಿದ್ದ. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 500ಕ್ಕೆ, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆ ಮತ್ತು ಕಟ್ಟಡ ಕಾಮಗಾರಿಯಲ್ಲಿ 250ಕ್ಕೆ ಇಳಿಸಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಆದರೆ ದಾಲ್ ಮಿಲ್ಲು, ಧಾನ್ಯದ ಗೋದಾಮು, ಒಣದ್ರಾಕ್ಷಿ ಘಟಕಗಳಲ್ಲಿ ಅಷ್ಟು ಜನ ಇರುವುದು ಅಪರೂಪ. ಹಿರಿಯ ಸುರಕ್ಷತಾ ತಜ್ಞರು ಅಲ್ಲಿಗೆ ಸ್ವತಂತ್ರ ಆಡಿಟರಾಗಿ ಹೋಗಬಹುದು. ಐಎಸ್ 14489 ಎಂಬ ಭಾರತೀಯ ಮಾನಕ ಅದಕ್ಕೆ ವಿಧಾನವನ್ನೂ ಹೇಳಿದೆ. ಸಣ್ಣ ಘಟಕಕ್ಕೆ ಅವರನ್ನು ಕರೆಸುವುದು, ಶುಲ್ಕ ಕೊಡುವುದು ಸದ್ಯಕ್ಕೆ ಬಹುಮಟ್ಟಿಗೆ ಮಾಲೀಕರ ಮರ್ಜಿಗೆ ಬಿಟ್ಟ ವಿಚಾರ.