ಬೀಗ ಬಿದ್ದ ಮನೆಗೆ ಹೊಸ ಒಕ್ಕಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮುಂಬಯಿವಾಸಿಯಾದ ಕನ್ನಡಿಗನು ಇದಕ್ಕೆ ‘ಮನೆ ಬಾಡಿಗೆಗೆ ಕೊಟ್ಟು ನೋಡು’ ಎಂಬುದನ್ನೂ ಸೇರಿಸಿಯಾನು. ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ಜೀವಮಾನವೆಲ್ಲ ದುಡಿದು ಮುಲುಂಡ, ಬೊರಿವಲಿ, ಸಾಂತಾಕ್ರೂಜಗಳಲ್ಲಿ ಎರಡು ಕೋಣೆಗಳ ಮನೆ ಮಾಡಿಕೊಂಡವರು ನಿವೃತ್ತರಾಗಿ ಊರು ಸೇರುತ್ತಾರೆ; ಇಲ್ಲಿಯ ಮನೆಗೆ ಬೀಗ ಬೀಳುತ್ತದೆ. ಅದೇ ಊರಿನಿಂದ ಉದ್ಯೋಗವನ್ನರಸಿ ಬಂದ ತರುಣ ದಂಪತಿಗಳು ಅದೇ ಬೀದಿಯಲ್ಲಿ ಬಿಡಾರ ಹುಡುಕುತ್ತ ಅಲೆಯುತ್ತಾರೆ.

ಬಾಡಿಗೆಗೆ ಕೊಟ್ಟ ಮನೆ ಮರಳಿ ಕೈಗೆ ಬಾರದೆಂಬ ಭಯವೇ ಇದಕ್ಕೆ ಮುಖ್ಯ ಕಾರಣ. ಆ ಭಯವು ಕಾರಣವಿಲ್ಲದೆ ಹುಟ್ಟಿದುದಲ್ಲ. 1947ರ ಮುಂಬಯಿ ಬಾಡಿಗೆ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸಪ್ಟೆಂಬರದ ಮಟ್ಟಕ್ಕೆ ಕಟ್ಟಿಹಾಕಿತ್ತು. 1973ರ ತಿದ್ದುಪಡಿಯು, ಆ ವರ್ಷದ ಫೆಬ್ರವರಿ 1ರಂದು ‘ಲೀವ್ ಎಂಡ್ ಲೈಸೆನ್ಸ್’ ಕರಾರಿನ ಮೇಲೆ ವಾಸವಾಗಿದ್ದವರನ್ನು ಖಾಯಂ ರಕ್ಷಣೆಯುಳ್ಳ ಬಾಡಿಗೆದಾರರನ್ನಾಗಿ ಮಾಡಿತು. ಆದರೆ ಅದು ನಿನ್ನೆಯ ಮಾತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ, ಇಂತಹ ಕರಾರಿನ ಅವಧಿ ತೀರಿದ ಮೇಲೂ ವಾಸದ ಮನೆ ತೆರವು ಮಾಡದವರ ವಿರುದ್ಧ ಒಡೆಯನು ಸಕ್ಷಮ ಅಧಿಕಾರಿಗೆ ಅರ್ಜಿ ಕೊಡಬಹುದು. ಅಂಥವರು ಇಮ್ಮಡಿ ಹಣವನ್ನು ನಷ್ಟ ಪರಿಹಾರವಾಗಿ ತೆರಬೇಕಾಗುತ್ತದೆ.

ಬೀಗ ಹಾಕಿದ ಮನೆ ಭದ್ರವಾಗಿದೆಯೆಂದು ತಿಳಿಯುವುದೂ ಭ್ರಮೆಯೇ. ನೀರು ಹರಿಯದ ಮೋರಿಯ ಬಾಗುಕೊಳವೆಯಲ್ಲಿ ನಿಂತಿರಬೇಕಾದ ನೀರು ಆರಿಹೋಗಿ, ಅದೇ ದಾರಿಯಿಂದ ದುರ್ಗಂಧವೂ ಜಿರಳೆಗಳೂ ಒಳಸೇರುತ್ತವೆ. ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹಿಡಿಯುತ್ತದೆ. ಬಾಲ್ಕನಿಯಲ್ಲಿ ಮರೆತ ಬಾಲ್ದಿಯ ಮಳೆನೀರಿನಲ್ಲಿ ಸೊಳ್ಳೆ ಮರಿಮಾಡಿ ನೆರೆಹೊರೆಗೆಲ್ಲ ಡೆಂಗ್ಯೂ ಜ್ವರದ ಭೀತಿ ಒಡ್ಡುತ್ತದೆ.

ಆದುದರಿಂದ ಹೊಸಬರನ್ನು ಕರೆಯುವ ಮುನ್ನ ಮನೆಯನ್ನು ಕ್ರಮವರಿತು ಸಿದ್ಧಪಡಿಸಬೇಕು. ಮೊದಲು ನೀರು, ಅನಂತರ ವಿದ್ಯುತ್ತು, ಕಡೆಗೆ ಸುಣ್ಣಬಣ್ಣ. ಸೋರಿಕೆಯನ್ನು ನಿಲ್ಲಿಸದೆ ಬಣ್ಣ ಹಚ್ಚಿಸಿದರೆ ಮೊದಲ ಮಳೆಗೇ ಬಣ್ಣ ಬಯಲಾಗುವುದು. ಸ್ನಾನದ ಮನೆಯ ನೀರು ಕೆಳಮಾಳಿಗೆಯ ಛಾವಣಿಗೆ ಇಳಿಯುತ್ತಿದೆಯೇ ಎಂದು ಅಲ್ಲಿಯವರನ್ನೇ ಕೇಳಿ ತಿಳಿಯುವುದು ಲೇಸು. ಹಳೆಯ ತಂತಿ, ಸ್ವಿಚ್ಚುಗಳನ್ನು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಗ್ಯಾಸಿನ ರಬ್ಬರ್ ನಳಿಗೆ ಹಳತಾಗಿದ್ದರೆ ಬದಲಿಸಬೇಕು. ಬೀಗವನ್ನೂ ಹೊಸದು ಮಾಡಬೇಕು. ಸೊಸೈಟಿಯ ಬಾಕಿಯನ್ನು ತೀರಿಸಿಬಿಡಬೇಕು. ಒಡೆಯನು ತಾನಿರದೆ ಮನೆಯನ್ನು ಬಾಡಿಗೆಗೆ ಕೊಟ್ಟುದಕ್ಕಾಗಿ ಸೊಸೈಟಿಯು ವಿಧಿಸುವ ಶುಲ್ಕವು, 2001ರ ಸರಕಾರಿ ಆಜ್ಞೆಯಂತೆ, ಸೇವಾಶುಲ್ಕದ ಶೇಕಡಾ 10ನ್ನು ಮೀರಕೂಡದೆಂಬುದನ್ನೂ ಓದುಗರು ಅರಿತಿರಬೇಕು.

ಇಷ್ಟಾದರೂ ನಮ್ಮವರು ಒಂದು ಕಡೆ ಎಡವುತ್ತಾರೆ. ‘ಊರಿನವರೇ ತಾನೆ, ನಮ್ಮೊಳಗೆ ಕಾಗದಪತ್ರವೇಕೆ?’ ಎಂಬ ದಾಕ್ಷಿಣ್ಯವದು. ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ಆ ಹೊಣೆ ಒಡೆಯನದು. ನೋಂದಣಿ ಮಾಡಿಸದಿದ್ದರೆ, ಬೇರೆ ರೀತಿಯಾಗಿ ರುಜುವಾತಾಗುವ ತನಕ, ಷರತ್ತುಗಳ ವಿಷಯದಲ್ಲಿ ಬಾಡಿಗೆದಾರನು ಹೇಳಿದ್ದೇ ಸಿಂಧುವಾಗುತ್ತದೆ. ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿಗಳವರೆಗಿನ ದಂಡ ಅಥವಾ ಎರಡೂ ವಿಧಿಸಲು ಕಾಯಿದೆಯಲ್ಲಿ ಅವಕಾಶವುಂಟು.

ಇದರೊಡನೆ ಇನ್ನೊಂದು ಹಾಳೆಯೂ ಬೇಕೆಂದು ನಮ್ಮ ಅಭಿಪ್ರಾಯ. ಕೀಲಿಕೈ ಕೊಡುವ ದಿನ ಉಭಯರೂ ಕೂಡಿ ಕೋಣೆಕೋಣೆ ನೋಡಿ ಪಂಕಗಳೆಷ್ಟು, ಬಿರುಕು ಬಿಟ್ಟ ಹಂಚು ಯಾವುದು, ವಿದ್ಯುತ್ ಮೀಟರಿನ ಅಂಕವೆಷ್ಟು ಎಂದು ಬರೆದು ಸಹಿ ಹಾಕಲಿ, ಛಾಯಾಚಿತ್ರಗಳನ್ನೂ ತೆಗೆದಿಡಲಿ. ಠೇವಣಿ ಮರಳಿಸುವ ಹೊತ್ತಿನಲ್ಲಿ ಏಳುವ ಜಗಳಗಳು ಬಹುಮಟ್ಟಿಗೆ ಈ ಹಾಳೆಯಿಲ್ಲದೆ ಏಳುವಂಥವು. ಹಳೆಯ ಬಿರುಕಿನ ಬೆಲೆಯನ್ನು ಹೊಸ ಸಂಸಾರವು ತೆರಬಾರದು. ಹೊಸ ಬಿರುಕಿನ ಬೆಲೆಯನ್ನು ಊರಿನಲ್ಲಿರುವ ವೃದ್ಧನೂ ತೆರಬಾರದು. ಬರಹದಿಂದ ಸ್ನೇಹ ಕೆಡುವುದಿಲ್ಲ. ಬರಹವಿಲ್ಲದೆ ಕೆಟ್ಟ ಸ್ನೇಹಗಳೇ ಹೆಚ್ಚು.

ಊರಿನಲ್ಲಿರುವ ಒಡೆಯರು ಮಳೆಗಾಲಕ್ಕೆ ಮುನ್ನ ಒಮ್ಮೆ ಬಂದು ಬೀಗ ತೆಗೆದು ನೋಡಲಿ. ಬರಲಾಗದವರು ನಂಬಿಕೆಯ ಬಂಧುವಿಗೆ ಕೀಲಿಕೈ ಕಳುಹಿಸಿ ಕಿಟಕಿಗಳನ್ನಾದರೂ ತೆರೆಯಿಸಲಿ. ಬಿಡಾರ ಹುಡುಕುತ್ತಿರುವವರು ಬಾಗಿಲ ಹೊರಗೇ ಇದ್ದಾರೆ.