ಬದುವಿನ ಸಿಲ್ವರ್ ಓಕ್‌ಗೆ ಮನೆಯಲ್ಲೇ ಪ್ಲೇನರ್: ಕೊಳ್ಳುವ ಮೊದಲು ನಾನು ನೋಡಿದ್ದು

ನಮ್ಮದು ದೊಡ್ಡಬಳ್ಳಾಪುರ ತಾಲೂಕು, ತೂಬಗೆರೆ ಹೋಬಳಿ. ಬದುವಿನ ಮೇಲೆ ಅಪ್ಪ ನೆಟ್ಟಿದ್ದ ಸಿಲ್ವರ್ ಓಕ್ ಮರಗಳಿಗೆ 20 ವರ್ಷದ ಮೇಲಾಗಿತ್ತು. ಮರದ ವ್ಯಾಪಾರಿ ಬಂದು, ಒಂದು ಸುತ್ತು ಹಾಕಿ, ಎಂಟು ಮರಕ್ಕೂ ಸೇರಿಸಿ ಒಂದೇ ಮಾತಲ್ಲಿ ರೇಟು ಹೇಳಿದ. ಅದೇ ವಾರ ನಾನು ಜೇನು ಪೆಟ್ಟಿಗೆ ವಿಚಾರಿಸಿಕೊಂಡು ಬಂದಿದ್ದೆ. ಅವನು ಒಂದು ಇಡೀ ಮರಕ್ಕೆ ಕೊಡೋ ದುಡ್ಡಲ್ಲಿ ಎರಡು ಪೆಟ್ಟಿಗೆ ಬರೋದೂ ಕಷ್ಟ ಇತ್ತು. ಮರ ನಮ್ಮದೇ ಇದೆಯಲ್ಲ, ಪೆಟ್ಟಿಗೇನೂ ನಾವೇ ಮಾಡೋಣ ಅಂತ ಎರಡು ಮರ ಕೆಡವಿಸಿ ಲೈಸೆನ್ಸ್ ಇರುವ ಸಾಮಿಲ್‌ನಲ್ಲಿ ಹಲಗೆ ಕೊಯ್ಸಿದೆ. (ಸಿಲ್ವರ್ ಓಕ್ ಮತ್ತು ನೀಲಗಿರಿ ಕಡಿಯೋಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ವಿನಾಯಿತಿ ಇದೆ. ಬೇರೆ ಮರವಾದ್ರೆ ಕೊಡಲಿ ಎತ್ತುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ.)

ಮೊದಲ ಆರು ಪೆಟ್ಟಿಗೆ ಕೆಟ್ಟು ಕೂತವು. ಸಾಮಿಲ್ ಹಲಗೆ ಒಂದು ತುದೀಲಿ 22 ಮಿಲಿಮೀಟರ್ ಇದ್ರೆ ಇನ್ನೊಂದು ತುದೀಲಿ 27. ತುಡುವೆ ಜೇನಿಗೆ ಚೌಕಟ್ಟಿನ ಸುತ್ತ ಓಡಾಡೋಕೆ 8 ಮಿಲಿಮೀಟರ್ ಆಸುಪಾಸು ಜಾಗ ಬಿಡಬೇಕು. ಜಾಸ್ತಿ ಆದ್ರೆ ಅಡ್ಡಾದಿಡ್ಡಿ ಎರಿ ಕಟ್ತವೆ. ಕಮ್ಮಿ ಆದ್ರೆ ಅವು ನುಗ್ಗೋಕಾಗಲ್ಲ, ಆ ಸಂದಿಯಲ್ಲಿ ಮೇಣದ ಹುಳ ಸೇರ್ಕೊಳ್ಳುತ್ತೆ. ಎರಡು ಪೆಟ್ಟಿಗೆಯಿಂದ ಕುಟುಂಬ ಎದ್ದು ಹೋಯ್ತು. ಪೇಟೆಯಲ್ಲಿ ಒಂದು ಅಂಗಡಿಗೆ ಒಯ್ದು ಉಳಿದ ಹಲಗೆಗಳನ್ನ ಒಂದೇ ದಪ್ಪಕ್ಕೆ ಕೀಸಿಸಿಕೊಂಡು ಬಂದೆ. ಚೆನ್ನಾಗೇ ಆಯ್ತು. ಆದ್ರೆ ಟೆಂಪೊ ಬಾಡಿಗೆ, ಕೂಲಿ ಸೇರಿ ಒಂದು ಸಲಕ್ಕೆ 1,800 ರೂಪಾಯಿ, ಜೊತೆಗೆ ಒಂದು ದಿನದ ಕೆಲಸ. ಆಗ ಶುರುವಾಯ್ತು ಮೆಷಿನ್ ಹುಡುಕಾಟ.

ಹೆಸರು ಒಂದು, ಕೆಲಸ ಎರಡು

ಅಂಗಡಿಯಲ್ಲಿ ‘ಪ್ಲೇನರ್’ ಅಂದ್ರೆ ಮೂರು ಥರದ್ದು ತೋರಿಸ್ತಾರೆ. ಕೈಯಲ್ಲಿ ಹಿಡಿದು ಉಜ್ಜುಗೊರಡಿನ ಹಾಗೆ ನೂಕುವ ಕರೆಂಟಿನ ಹ್ಯಾಂಡ್ ಪ್ಲೇನರ್ ಒಂದು. ಕಬ್ಬಿಣದ ಮೇಜಿನ ನಡುವೆ ಬ್ಲೇಡು ತಿರುಗುತ್ತಾ, ನಾವು ಹಲಗೆಯನ್ನ ಮೇಲಿಂದ ತಳ್ಳುವ ಸರ್ಫೇಸ್ ಪ್ಲೇನರ್ ಇನ್ನೊಂದು. ಹಲಗೆಯನ್ನ ಒಳಗೆ ಬಿಟ್ರೆ ರೋಲರ್ ತಾನೇ ಎಳ್ಕೊಂಡು, ಮೇಲಿನ ಮುಖ ಕೀಸಿ, ಆ ಕಡೆಯಿಂದ ಒಂದೇ ದಪ್ಪಕ್ಕೆ ಬಿಡುವ ತಿಕ್‌ನೆಸರ್ ಮೂರನೇದು. ಒಂದೇ ಕಟರ್‌ನ ಮೇಲೆ ಸರ್ಫೇಸ್, ಕೆಳಗೆ ತಿಕ್‌ನೆಸರ್ ಇರೋ ಜೋಡಿ ಮೆಷಿನ್‌ಗೆ ಪ್ಲೇನರ್ ತಿಕ್‌ನೆಸರ್ ಅಂತಾರೆ.

ಇಲ್ಲಿ ಬಹಳ ಜನ ಎಡವೋದು ಒಂದೇ ಕಡೆ. ತಿಕ್‌ನೆಸರ್ ಹಲಗೆಯ ಸೊಟ್ಟ ತೆಗೆಯಲ್ಲ. ಬಾಗಿದ ಹಲಗೆ ಒಳಗೆ ಹೋದಾಗ ರೋಲರ್ ಅದನ್ನ ಒತ್ತಿ ಚಪ್ಪಟೆ ಮಾಡುತ್ತೆ, ಬ್ಲೇಡು ಕೀಸುತ್ತೆ, ಆಚೆ ಬಂದ ತಕ್ಷಣ ಹಲಗೆ ಮತ್ತೆ ಬಾಗುತ್ತೆ. ನಯವಾದ, ಒಂದೇ ದಪ್ಪದ, ಸೊಟ್ಟ ಹಲಗೆ ಕೈಗೆ ಬರುತ್ತೆ, ಅಷ್ಟೇ. ಅದಕ್ಕೇ ಮೊದಲು ಒಂದು ಮುಖ ಸಮ ಮಾಡ್ಕೋಬೇಕು. ಆ ಕೆಲಸ ಸರ್ಫೇಸ್ ಪ್ಲೇನರ್‌ದು.

ಹಾಗಾದ್ರೆ ಎರಡೂ ಬೇಕಲ್ಲ, ಜೋಡಿ ಮೆಷಿನ್ನೇ ತಗೊಳ್ಳೋಣ ಅಂತ ಅನ್ಸೋದು ಸಹಜ. ನನಗೂ ಹಾಗೇ ಅನ್ಸಿತ್ತು. ಆದ್ರೆ ಸರ್ಫೇಸ್ ಪ್ಲೇನರ್ ಇಲ್ದೇನೂ ಮುಖ ಸಮ ಮಾಡ್ಬೋದು. ಹಲಗೆಯ ಎರಡು ತುದಿಗೂ ಒಂದೊಂದು ನೇರ ಪಟ್ಟಿ ಅಡ್ಡ ಇಟ್ಟು, ಬಗ್ಗಿ ಒಂದೇ ಕಣ್ಣಲ್ಲಿ ನೋಡಿ. ಪಟ್ಟಿಗಳು ಒಂದಕ್ಕೊಂದು ಸಮ ಕಾಣದಿದ್ರೆ ಹಲಗೆ ತಿರುಚಿದೆ ಅಂತ ಅರ್ಥ. ಎದ್ದಿರೋ ಮೂಲೆಗಳನ್ನ ಹ್ಯಾಂಡ್ ಪ್ಲೇನರ್‌ನಲ್ಲೋ ಉಜ್ಜುಗೊರಡಲ್ಲೋ ಇಳಿಸಿ. ಇಲ್ಲಾಂದ್ರೆ ನೇರವಾದ 18 ಮಿಲಿಮೀಟರ್ ಪ್ಲೈವುಡ್ ತುಂಡಿನ ಮೇಲೆ ಹಲಗೆ ಇಟ್ಟು, ಅಲ್ಲಾಡೋ ಕಡೆ ಕೆಳಗೆ ತೆಳು ಬೆಣೆ ಕೊಟ್ಟು ಅಂಟಿಸಿ. ಹಲಗೆ ಜಾರದ ಹಾಗೆ ಮುಂದಿನ ತುದಿಗೆ ಒಂದು ತೆಳು ಪಟ್ಟಿ ಅಂಟಿಸಿ. ಮೊಳೆ ಹೊಡೀಬೇಡಿ. ಪ್ಲೈವುಡ್ ಸಮೇತ ತಿಕ್‌ನೆಸರ್ ಒಳಗೆ ಬಿಟ್ರೆ ಮೇಲಿನ ಮುಖ ಸಮ ಆಗುತ್ತೆ. ಆಮೇಲೆ ಬೆಣೆ ತೆಗೆದು, ತಿರುವಿ ಹಾಕಿ, ಇನ್ನೊಂದು ಮುಖ ಕೀಸಿ. ನಿಧಾನದ ಕೆಲಸ ನಿಜ. ಜೇನು ಪೆಟ್ಟಿಗೆ, ಬಾಗಿಲು, ಮೇಜು ಅಂತ ತಿಂಗಳಿಗೆ ಒಂದೆರಡು ದಿನ ಮಾಡೋರಿಗೆ ಸಾಕಾಗುತ್ತೆ.

ಕರೆಂಟು ನೋಡಿ ಮೆಷಿನ್ ನೋಡಿ

ನಾನು ಮೊದಲು ನೋಡಿದ್ದು ಒಂದು ಸೆಕೆಂಡ್ ಹ್ಯಾಂಡ್ ಕಬ್ಬಿಣದ ಮೆಷಿನ್. ಪ್ಲೇನರ್, ಪಕ್ಕದಲ್ಲೇ ಗರಗಸ, ಡ್ರಿಲ್ಲು ಎಲ್ಲಾ ಒಂದರಲ್ಲೇ ಇರೋದು. 3 ಎಚ್.ಪಿ. ಮೋಟರ್, ಮೂರು ಫೇಸ್. ರೇಟು ಹೊಸ ತಿಕ್‌ನೆಸರ್‌ಗಿಂತ ಅರ್ಧ.

ಜೊತೆಗಿದ್ದ ಗೆಳೆಯ, ‘ಬೋರ್‌ವೆಲ್‌ಗೆ ಮೂರು ಫೇಸ್ ಇದೆಯಲ್ಲಾ, ಅದರಿಂದ ಎಳ್ಕೊಂಡ್ರಾಯ್ತು’ ಅಂದ. ಹೀಗೆ ಹೇಳೋರು ಎಲ್ಲಾ ಊರಲ್ಲೂ ಇದಾರೆ. ಪಂಪ್‌ಸೆಟ್‌ಗೆ ಅಂತ ಕೊಟ್ಟ ಕರೆಂಟನ್ನ ಬೇರೆ ಕೆಲಸಕ್ಕೆ ಬಳಸೋದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್‌ನಲ್ಲಿ ಅನಧಿಕೃತ ಬಳಕೆ. ಸಿಕ್ಕಿಬಿದ್ರೆ ಆ ಬಳಕೆಗೆ ಅನ್ವಯ ಆಗೋ ದರದ ಎರಡರಷ್ಟು ಕಟ್ಟಿಸ್ತಾರೆ. 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗೆ ಉಚಿತವಾಗಿ ಸಿಗ್ತಿರೋ ಕರೆಂಟಿನ ವಿಷಯದಲ್ಲಿ ಬೆಸ್ಕಾಂ ಜೊತೆ ತಕರಾರು ತಗೊಳ್ಳೋದು ಯಾವ ರೈತನಿಗೂ ಬೇಡ. ಅದೂ ಅಲ್ಲದೆ ಮೂರು ಫೇಸ್ ಬರೋದು ದಿನಕ್ಕೆ ಕೆಲವೇ ಗಂಟೆ, ಎಷ್ಟೋ ಸಲ ರಾತ್ರಿ. ನಿದ್ದೆಗಣ್ಣಲ್ಲಿ ನೀರು ಕಟ್ಟಬಹುದು, ಪ್ಲೇನರ್ ಮುಂದೆ ನಿಲ್ಲೋಕಾಗಲ್ಲ.

ಹಾಗಾಗಿ ಮನೆಯ ಸಿಂಗಲ್ ಫೇಸ್ ಕರೆಂಟಲ್ಲಿ ಓಡೋದೇ ನೋಡಿ. ಜೋರು ಶಬ್ದದ, ಹಗುರ ಮೆಷಿನ್‌ಗಳಲ್ಲಿ ಕಾರ್ಬನ್ ಬ್ರಷ್ ಇರೋ ಮೋಟರ್ ಇರುತ್ತೆ. ಕಬ್ಬಿಣದ ಮೆಷಿನ್‌ಗಳಲ್ಲಿ ಇಂಡಕ್ಷನ್ ಮೋಟರ್. ಇಂಡಕ್ಷನ್ ಮೋಟರ್ ಬಾಳಿಕೆ ಜಾಸ್ತಿ, ಸದ್ದು ಕಮ್ಮಿ. ಆದ್ರೆ ಶುರುವಾಗೋ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತೆ. ಸಂಜೆ ಹೊತ್ತು ವೋಲ್ಟೇಜ್ ಬೀಳೋ ಊರಲ್ಲಿ ಅದು ಗೊಂಯ್ ಅಂತ ನಿಂತೇ ಇರುತ್ತೆ, ಆಮೇಲೆ ಸುಡುತ್ತೆ. ಅಂಗಡಿಗೆ ಹೋಗೋ ಮೊದಲು ಮಲ್ಟಿಮೀಟರ್ ಹಿಡಿದು, ಶೆಡ್‌ನ ಸಾಕೆಟ್‌ನಲ್ಲಿ ಬೆಳಗ್ಗೆ, ಸಂಜೆ ವೋಲ್ಟೇಜ್ ನೋಡಿ ಫೋನಲ್ಲಿ ಬರ್ಕೊಳ್ಳಿ.

12 ಇಂಚಿನ ಸಣ್ಣ ತಿಕ್‌ನೆಸರ್‌ಗಳ ಪೈಕಿ ನಮ್ಮಲ್ಲಿ ಹೆಚ್ಚು ಕಾಣೋದು ಮಕಿಟಾ 2012ಎನ್‌ಬಿ. 304 ಮಿಲಿಮೀಟರ್ ಅಗಲ, 1,650 ವ್ಯಾಟ್. ಡಿವಾಲ್ಟ್‌ನಲ್ಲಿ ಡಿಡಬ್ಲ್ಯು 733 ಕೂಡ ಹೆಚ್ಚುಕಮ್ಮಿ ಅಷ್ಟೇ ಅಗಲದ್ದು. 1,650 ವ್ಯಾಟ್ ಅಂದ್ರೆ 230 ವೋಲ್ಟ್‌ನಲ್ಲಿ 7 ಆಂಪಿಯರ್ ದಾಟುತ್ತೆ. ಫ್ಯಾನು, ಬಲ್ಬಿನ 6 ಆಂಪಿಯರ್ ಸಾಕೆಟ್‌ಗೆ ಹಾಕಿದ್ರೆ ಕರಗುತ್ತೆ. 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ವೈರು, ಸರಿಯಾದ ಅರ್ಥಿಂಗ್ ಇರಲೇಬೇಕು. ಅಮೆರಿಕದಿಂದ ಯಾರೋ ತಂದದ್ದು ಅಂತ ಅಗ್ಗಕ್ಕೆ ಕೊಟ್ರೆ ನೇಮ್‌ಪ್ಲೇಟ್ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. 120 ವೋಲ್ಟ್ ಅಂತ ಇದ್ರೆ ಸುಮ್ನೆ ವಾಪಸ್ ಬನ್ನಿ. ಮಾರೋಕೆ ಅಂತ ಮಾಡೋದಾದ್ರೆ ಮನೆ ಮೀಟರ್ ಸಾಲುತ್ತೋ, ಬೇರೆ ಸಂಪರ್ಕ ಬೇಕೋ ಅಂತ ಬೆಸ್ಕಾಂ ಸೆಕ್ಷನ್ ಆಫೀಸಲ್ಲಿ ಕೇಳೋದು ಒಳ್ಳೇದು.

ಆಚಾರ್ರ ಕೈ

ನಿಜ ಹೇಳ್ಬೇಕಂದ್ರೆ, ಕರೆಂಟಿನ ತಾಪತ್ರಯ ಗೊತ್ತಾದ ಮೇಲೂ ಆ ಸೆಕೆಂಡ್ ಹ್ಯಾಂಡ್ ಮೆಷಿನ್ ಮೇಲಿನ ಆಸೆ ಹೋಗಿರಲಿಲ್ಲ. ಮೋಟರ್ ಬದಲಾಯಿಸಿದ್ರೆ ಆಯ್ತಲ್ಲ ಅಂದ್ಕೊಂಡೆ. ಅದರ ವಿಡಿಯೊ ನಮ್ಮೂರ ಆಚಾರ್ರಿಗೆ ತೋರಿಸಿದೆ. ಅವರು ಫೋನು ಕೈಗೆ ತಗೊಂಡು ಎರಡು ಸಲ ನೋಡಿದ್ರು.

‘ಗಾರ್ಡ್ ಎಲ್ಲಪ್ಪಾ ಇದಕ್ಕೆ?’

‘ಇಲ್ಲ ಆಚಾರ್ರೇ. ಬಿಚ್ಚಿ ಹಾಕಿದಾರಂತೆ.’

‘ಕಟರ್ ಚೌಕದ್ದೋ ಗುಂಡನೇದೋ?’

ನನಗೆ ಗೊತ್ತಿರಲಿಲ್ಲ. ಅವರು ಎಡಗೈ ಮುಂದೆ ಹಿಡಿದ್ರು. ಎರಡು ಬೆರಳಿಗೆ ತುದಿ ಇಲ್ಲ. ಚಿಕ್ಕಂದಿನಿಂದ ನೋಡಿದ್ದೀನಿ, ಕೇಳಿರಲಿಲ್ಲ. ‘ಇದು ಚೌಕದ್ದು. ಒಂದು ಅಡಿ ಹಲಗೆ ತಳ್ತಿದ್ದೆ. ಗಂಟು ಸಿಕ್ತು, ಹಲಗೆ ಹಿಂದಕ್ಕೆ ಹಾರ್ತು, ಕೈ ಮುಂದಕ್ಕೆ ಹೋಯ್ತು. ನೋವು ಆಮೇಲೆ ಗೊತ್ತಾಗಿದ್ದು.’

ಚೌಕ ಕಟರ್ ಬ್ಲಾಕಿನಲ್ಲಿ ಬ್ಲೇಡಿನ ಮುಂದೆ ದೊಡ್ಡ ಸಂದಿ ಇರುತ್ತೆ. ಬೆರಳು ಬಿದ್ರೆ ಅದು ಆಳಕ್ಕೆ ಎಳ್ಕೊಂಡುಬಿಡುತ್ತೆ. ದುಂಡನೆಯ ಬ್ಲಾಕಿನಲ್ಲಿ ಆ ಸಂದಿ ಚಿಕ್ಕದು. ಬ್ರಿಟನ್ನಿನಲ್ಲಿ 1922ರಲ್ಲೇ ಕೈಯಿಂದ ತಳ್ಳುವ ಪ್ಲೇನರ್‌ಗೆ ದುಂಡನೆಯ ಬ್ಲಾಕ್ ಕಡ್ಡಾಯ ಮಾಡಿದ್ರು. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲೂ ಅದೇ ಮಾತಿದೆ, ಜೊತೆಗೆ ಬ್ಲೇಡಿನ ಬಾಯಿ ಪೂರ್ತಿ ಮುಚ್ಚುವ ಸೇತುವೆಯಂಥ ಗಾರ್ಡ್ ಇರಬೇಕು ಅಂತಲೂ ಇದೆ. ಮನೆ ಶೆಡ್ಡಿಗೆ ಇನ್‌ಸ್ಪೆಕ್ಟರ್ ಬರಲ್ಲ, ಹಾಗಾಗಿ ಹಳೇ ಮೆಷಿನ್‌ಗಳೆಲ್ಲ ಕೊನೆಗೆ ಬಂದು ಸೇರೋದು ನಮ್ಮಂಥವರ ಶೆಡ್ಡಿಗೇ. ಸೆಕೆಂಡ್ ಹ್ಯಾಂಡ್ ನೋಡೋದಾದ್ರೆ ಕರೆಂಟು ತೆಗೆಸಿ, ಬೆಲ್ಟನ್ನ ಕೈಯಲ್ಲಿ ತಿರುಗಿಸಿ, ಕಟರ್ ಆಕಾರ ಕಣ್ಣಾರೆ ನೋಡಿ. ಬೇರಿಂಗ್ ಕಟಕಟ ಅಂತದೆಯೇ ನೋಡಿ. ಚೌಕದ್ದಾಗಿದ್ರೆ ರೇಟು ಕೇಳೋದೇ ಬೇಡ.

ತಿಕ್‌ನೆಸರ್‌ನಲ್ಲಿ ಬ್ಲೇಡು ಪೆಟ್ಟಿಗೆಯೊಳಗೆ ಇರುತ್ತೆ, ರೋಲರ್ ಎಳೆಯುತ್ತೆ, ಕೈ ಹತ್ತಿರ ಹೋಗಲ್ಲ. ನಾನು ಜೋಡಿ ಮೆಷಿನ್ ಬಿಟ್ಟು ಬರೀ ತಿಕ್‌ನೆಸರ್ ತಗೊಂಡಿದ್ದಕ್ಕೆ ಇದೇ ದೊಡ್ಡ ಕಾರಣ. ಆದ್ರೂ ಹಲಗೆ ಹಿಂದಕ್ಕೆ ಎಗರಬಹುದು, ನೇರ ಹಿಂದೆ ನಿಲ್ಲಬೇಡಿ. ಒಂದು ಅಡಿಗಿಂತ ಚಿಕ್ಕ ತುಂಡು ಒಳಗೆ ಬಿಡಬೇಡಿ, ಎರಡು ರೋಲರ್ ನಡುವೆ ಸಿಕ್ಕಿ ಚೂರಾಗುತ್ತೆ.

ನಾನು ತಗೊಂಡದ್ದು, ಹಂಚಿಕೊಂಡದ್ದು

ಎಸ್.ಜೆ.ಪಿ. ರಸ್ತೆಯಲ್ಲಿ ಒಂದು ದಿನ ಅಲೆದೆ. 12 ಇಂಚಿನ ತಿಕ್‌ನೆಸರ್ ಬಿಲ್ಲು ಸಮೇತ 60 ಸಾವಿರದ ಹತ್ತಿರ ಬಂತು. ಹ್ಯಾಂಡ್ ಪ್ಲೇನರ್ 6 ಸಾವಿರ. ವೈರಿಂಗು, ತೇವದ ಮೀಟರ್, ಕಿವಿಗೆ ಹಾಕೋದು, ಮಾಸ್ಕು ಸೇರಿ ಇನ್ನೊಂದು 3 ಸಾವಿರ. ಒಟ್ಟು 69 ಸಾವಿರ. ಪೇಟೆಗೆ ಒಯ್ಯೋ ಖರ್ಚಲ್ಲಿ ಭಾಗಿಸಿದ್ರೆ 38 ಸಲ ಹೋಗಿ ಬರೋ ದುಡ್ಡು. ನಾನೊಬ್ಬನೇ ವರ್ಷಕ್ಕೆ ಐದು ಸಲ ಹೋಗೋನು. ಒಬ್ಬನಿಗೆ ಇದು ಲೆಕ್ಕಕ್ಕೆ ಬರಲ್ಲ, ಸುಳ್ಳು ಹೇಳಲ್ಲ.

ನಾವು ಮೂವರು ಸೇರ್ಕೊಂಡ್ವಿ, ತಲಾ 23 ಸಾವಿರ. ಮೆಷಿನ್ ನಮ್ಮ ಶೆಡ್ಡಲ್ಲಿ. ಬ್ಲೇಡಿನ ಖರ್ಚು ಸಮಪಾಲು, ಆದ್ರೆ ಮೊಳೆಗೆ ಬ್ಲೇಡು ಹೊಡೆಸಿದವನು ತಾನೇ ಹೊಸದು ತರಬೇಕು. ಈ ಷರತ್ತು ಹಾಕಿದ್ದು ಒಳ್ಳೇದಾಯ್ತು, ಯಾಕಂದ್ರೆ ಬದುವಿನ ಮರದಲ್ಲಿ ಮುಳ್ಳುತಂತಿಯ ಕೊಕ್ಕೆ, ಮೊಳೆ ಇದ್ದೇ ಇರ್ತವೆ. ಮರ ಅವನ್ನ ನುಂಗಿ ಮೇಲೆ ತೊಗಟೆ ಬೆಳೆಸಿರುತ್ತೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನ ದಾರಕ್ಕೆ ಕಟ್ಟಿ ಹಲಗೆ ಮೇಲೆ ಎಳೆದು ನೋಡ್ತೀವಿ. ಮಣ್ಣು, ಕಲ್ಲಿನ ಚೂರನ್ನ ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೀತೀವಿ.

ಕೊಳ್ಳೋವಾಗ ಬ್ಲೇಡು ಕೇಳಿ. ಆ ಮಾಡೆಲ್ಲಿನ ಬ್ಲೇಡು, ಕಾರ್ಬನ್ ಬ್ರಷ್ ಅದೇ ಅಂಗಡಿಯಲ್ಲಿ ಈಗ ಇದೆಯಾ, ಜೋಡಿಗೆ ಎಷ್ಟು ಅಂತ. ‘ತರಿಸಿ ಕೊಡ್ತೀವಿ’ ಅಂದ್ರೆ ಮುಂದಿನ ಅಂಗಡಿಗೆ ಹೋಗಿ. ಆನ್‌ಲೈನಲ್ಲಿ ಹೆಸರಿಲ್ಲದ ಮೆಷಿನ್ 15–20 ಸಾವಿರ ಕಮ್ಮಿಗೆ ಸಿಗ್ತಿತ್ತು, ಬ್ಲೇಡು ಸಿಗೋ ಜಾಗ ಮಾತ್ರ ಇರಲಿಲ್ಲ.

ಮರಗೆಲಸವೇ ಕಸುಬಾದವರಿಗೆ ಬೇರೆ ದಾರಿ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಉಪಕರಣಕ್ಕೆ 15 ಸಾವಿರ, ಶೇ 5ರ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷದವರೆಗೆ ಸಾಲ. ಆಚಾರ್ರ ಮಗ ಅದಕ್ಕೆ ಅರ್ಜಿ ಹಾಕಿದಾನೆ.

ಓಡಿಸೋವಾಗ ಒಂದು ಸಲಕ್ಕೆ 1 ಮಿಲಿಮೀಟರ್‌ಗಿಂತ ಜಾಸ್ತಿ ಕೀಸಬೇಡಿ. ಹಲಗೆಯ ಎರಡೂ ತುದಿಯಲ್ಲಿ ಎರಡು ಇಂಚಿನಷ್ಟು ಸ್ವಲ್ಪ ಹಳ್ಳ ಬೀಳುತ್ತೆ, ಅದು ಮೆಷಿನ್ ದೋಷ ಅಲ್ಲ. ಉದ್ದ ಬಿಟ್ಟು ಕೊಯ್ದು, ಆಮೇಲೆ ತುದಿ ತೆಗೀರಿ. ದೂಳಿನ ಬಗ್ಗೆ ಉದಾಸೀನ ಬೇಡ. ಮರದ ದೂಳು ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲನೇ ಗುಂಪಿಗೆ ಸೇರಿಸಿದೆ. ಸಿಲ್ವರ್ ಓಕ್ ದೂಳಿಗೆ ಕೆಲವರಿಗೆ ಮೈ ತುರಿಕೆಯೂ ಬರುತ್ತೆ, ನಮ್ಮಲ್ಲಿ ಒಬ್ಬನಿಗೆ ಬಂತು. ಅವನು ಈಗ ತುಂಬು ತೋಳಿನ ಅಂಗಿ ಹಾಕ್ತಾನೆ, ಆದ್ರೆ ತೋಳನ್ನ ಬಿಗಿಯಾಗಿ ಗುಂಡಿ ಹಾಕ್ಕೊಂಡು. ಕೀಸಿದ ಹೊಟ್ಟು ಕೊಟ್ಟಿಗೆಗೆ ಹಾಸೋಕೆ ಆಗುತ್ತೆ. ಗಿಡದ ಬುಡಕ್ಕೆ ಮೇಲೆ ಹರಡಿ, ಮಣ್ಣಲ್ಲಿ ಬೆರೆಸಬೇಡಿ, ಹಸಿ ಹೊಟ್ಟು ಕೊಳೆಯೋವಾಗ ಮಣ್ಣಿನ ಸಾರಜನಕ ಎಳ್ಕೊಳ್ಳುತ್ತೆ.

ಇನ್ನು ಒಣಗಿಸೋದು. ಹಸಿ ಹಲಗೆಯನ್ನ ಎಷ್ಟು ನಯವಾಗಿ ಕೀಸಿದ್ರೂ ಒಣಗ್ತಾ ಮತ್ತೆ ತಿರುಚುತ್ತೆ. ನೆರಳಲ್ಲಿ, ನೆಲದಿಂದ ಒಂದೂವರೆ ಅಡಿ ಮೇಲೆ, ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು ಪೇರಿಸಿ, ತುದಿಗಳಿಗೆ ಬಣ್ಣ ಬಳೀರಿ, ಮೇಲೆ ಭಾರ ಹೇರಿ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳಬರ ಲೆಕ್ಕ. ತೇವದ ಮೀಟರ್ 12ರ ಹತ್ತಿರ ತೋರಿಸೋವರೆಗೂ ನಾನು ಕಾಯ್ತೀನಿ. ಮರ ಒಣಗಿಸೋ ವಿಷಯದಲ್ಲಿ ಜಾಸ್ತಿ ತಿಳ್ಕೋಬೇಕು ಅನ್ನೋರಿಗೆ ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಕೇಂದ್ರ ಸರ್ಕಾರದ ಐಡಬ್ಲ್ಯುಎಸ್‌ಟಿ ಸಂಸ್ಥೆ ಇದೆ, ಮರದ ಸಂಶೋಧನೆಯೇ ಅದರ ಕೆಲಸ.

ಈಗ ಹೊಸ ಎಂಟು ಪೆಟ್ಟಿಗೆ ತಯಾರಾಗಿವೆ, ಐದರಲ್ಲಿ ಕುಟುಂಬ ನಿಂತಿದೆ. ಹೋದ ಮುಂಗಾರಿನ ಗಾಳಿಗೆ ಬಿದ್ದ ಒಂದು ಹಲಸಿನ ಮರವನ್ನೂ ಕೊಯ್ಸಿಟ್ಟಿದ್ದೀನಿ, ಅಮ್ಮನಿಗೆ ಮಂಚ ಮಾಡೋಣ ಅಂತ. ಮೊನ್ನೆ ಮೀಟರ್ ಚುಚ್ಚಿ ನೋಡಿದೆ, 19 ಇತ್ತು. ಮೆಷಿನ್ ಮೇಲೆ ಗೋಣಿಚೀಲ ಮುಚ್ಚಿಟ್ಟು ಬಂದೆ.